ಕೂಸು ಯಾರ ಕೈಯಲ್ಲಿ? ಶಿಶುಪಾಲನೆಯ ಕಾನೂನುಗಳೂ ಗಡಿನಾಡಿನ ತಾಯಂದಿರೂ

ಶಾಲೆಯ ಹಾಜರಿ ಪುಸ್ತಕವನ್ನು ಚರಿತ್ರೆಯ ಆಕರವೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಆದರೆ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಆ ಪುಸ್ತಕವನ್ನು ದಿನವೂ ತುಂಬಿದ ನಮಗೆ ಅದರಲ್ಲಿ ನಮ್ಮ ಸೀಮೆಯ ಒಂದು ದೊಡ್ಡ ಕಥೆಯೇ ಕಾಣುತ್ತದೆ. ಬಿಳಿಜೋಳ ಕೀಳುವ ಮಾಘ, ಫಾಲ್ಗುಣಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಇಯತ್ತೆಯ ಹೆಣ್ಣುಮಕ್ಕಳ ಸಾಲುಗಳು ಗೈರುಹಾಜರಿಯ ಗುರುತಿನಿಂದ ತುಂಬಿಹೋಗುತ್ತಿದ್ದವು. ಕಾರಣ ಕೇಳಿದರೆ ಉತ್ತರ ಒಂದೇ: “ಗುರುಜಿ, ಅವ್ವ ಜ್ವಾಳಾ ಕೀಳಾಕ ಹೋಗ್ಯಾಳ್ರಿ. ಕೂಸಿನ್ನ ಹಿಡಕೊಳ್ಳಾಕ ಮನ್ಯಾಗ ಯಾರೂ ಇಲ್ರಿ.”

ಕೆಲವು ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಬರುತ್ತಿದ್ದರು. ನಾವು ಆಗ ಹೊಸದಾಗಿ ಮುಖ್ಯಾಧ್ಯಾಪಕರಾಗಿದ್ದೆವು. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿಗಳೊಬ್ಬರು ವರ್ಗದ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಮಲಗಿದ್ದ ಎಂಟು ತಿಂಗಳ ಕೂಸನ್ನು ಕಂಡು, ಪಟದಲ್ಲಿ ಹೆಸರಿಲ್ಲದ ಮಗು ವರ್ಗದಲ್ಲಿ ಇರುವಂತಿಲ್ಲ ಎಂದು ಷರಾ ಬರೆದು ಹೋದರು. ಮರುದಿನ ನಾವು ಆ ಹುಡುಗಿಗೆ ಕೂಸನ್ನು ಮನೆಯಲ್ಲಿ ಬಿಟ್ಟು ಬರಲು ಹೇಳಿದೆವು. ಅವಳು ತಲೆಯಾಡಿಸಿ ಹೋದಳು, ತಿರುಗಿ ಬರಲಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಲೆಕ್ಕದಲ್ಲಿ ಮೊದಲಿಗಳಾಗಿದ್ದ ಹುಡುಗಿ ಅವಳು. ನಿಯಮ ಅಧಿಕಾರಿಗಳದು, ಆದರೆ ಅದನ್ನು ಅವಳಿಗೆ ಹೇಳಿದ ಬಾಯಿ ನಮ್ಮದು. ಈ ಲೇಖನಕ್ಕೆ ಆ ಹುಡುಗಿಯೇ ಕಾರಣಳು.

ನಿವೃತ್ತಿಯ ಅನಂತರ ನಮಗೆ ಒಂದು ಪ್ರಶ್ನೆ ಕಾಡತೊಡಗಿತು. ದುಡಿಯುವ ತಾಯಿಯ ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಕುರಿತು ನಮ್ಮ ದೇಶದ ಕಾನೂನು ಏನಾದರೂ ಹೇಳಿದೆಯೇ? ಹೇಳಿದ್ದರೆ ಅದು ನಮ್ಮ ಗಡಿನಾಡಿನ ಹೊಲ, ಗಿರಣಿ, ತೋಟಗಳ ತನಕ ಮುಟ್ಟಿತೇ? ಓದುತ್ತ ಹೋದಂತೆ ಒಂದು ಸಂಗತಿ ನಮಗೆ ಸ್ಪಷ್ಟವಾಯಿತು. ಸುಮಾರು ನೂರು ವರ್ಷಗಳ ಈ ಚರಿತ್ರೆಯಲ್ಲಿ ಕಾನೂನು ಯಾರನ್ನು ಎಣಿಸಿತು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಕೆಲವೊಮ್ಮೆ ಅದು ತಾಯಂದಿರನ್ನು ಎಣಿಸಿತು, ಕೆಲವೊಮ್ಮೆ ಮಕ್ಕಳನ್ನು. ಕೂಸನ್ನು ಹಿಡಿದ ಕೈಯನ್ನು ಎಣಿಸಿದ್ದು ಅತಿ ವಿರಳ.

ಗಿರಣಿಯ ಕಾಲ

ನಮ್ಮ ಸೀಮೆಯ ಮಟ್ಟಿಗೆ ಈ ಕಥೆ ಸೊಲ್ಲಾಪುರದ ಗಿರಣಿಗಳಿಂದ ಆರಂಭವಾಗುತ್ತದೆ. 1870ರ ದಶಕದಲ್ಲಿ ಅಲ್ಲಿ ಮೊದಲ ಬಟ್ಟೆ ಗಿರಣಿ ಹುಟ್ಟಿತು. ಜನ ಅದನ್ನು ಮುಂದೆ ಜುನಿ ಗಿರಣಿ ಎಂದು ಕರೆದರು. ಬಳಿಕ ನರಸಿಂಗಗಿರ್ಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಕನ್ನಡ, ತೆಲುಗು, ಮರಾಠಿ ಮೂರೂ ನುಡಿಗಳ ಜನ ಅಲ್ಲಿ ಒಂದೇ ಭೋಂಗಾದ ಕೂಗಿಗೆ ಎದ್ದು ಕೆಲಸಕ್ಕೆ ನಡೆದರು. ವೈಂಡಿಂಗ್ ಮತ್ತು ರೀಲಿಂಗ್ ಖಾತೆಗಳಲ್ಲಿ ದುಡಿಯುತ್ತಿದ್ದವರು ಹೆಂಗಸರು.

1881ರ ಮೊದಲ ಕಾರ್ಖಾನೆ ಕಾಯಿದೆ 7 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದಿತು. 1891ರಲ್ಲಿ ಆ ವಯಸ್ಸು 9ಕ್ಕೆ ಏರಿತು. ಅಂದಿನ ಕಾನೂನಿನ ಕಣ್ಣಿಗೆ ಮಗುವೆಂದರೆ ದುಡಿಯುವ ಮಗು ಮಾತ್ರ. ದುಡಿಯಲಾರದ ಕೂಸು ತಾಯಿಯ ಪಾಳಿಯ ಹೊತ್ತಿನಲ್ಲಿ ಎಲ್ಲಿರಬೇಕು ಎಂದು ಕಾನೂನು ಕೇಳಲಿಲ್ಲ. ಕೂಸು ಹತ್ತಿಯ ಧೂಳಿನ ನಡುವೆ ತಾಯಿಯ ಕಾಲ ಬಳಿ ಮಲಗಬೇಕಿತ್ತು, ಇಲ್ಲವೇ ಚಾಳಿನಲ್ಲಿ ಅಜ್ಜಿಯ ಬಳಿಯೋ ಅಕ್ಕನ ಬಳಿಯೋ ಉಳಿಯಬೇಕಿತ್ತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರನ್ನು ಕುರಿತ 1920ರ ದಶಕದ ವರದಿಗಳು ಇನ್ನೂ ಕಠಿನವಾದ ಸಂಗತಿಯೊಂದನ್ನು ದಾಖಲಿಸಿವೆ. ತಾಯಿ ಕೆಲಸಕ್ಕೆ ಹೊರಡುವ ಮುನ್ನ ಕೂಸಿಗೆ ಅಫೀಮಿನ ಬಾಳಗೋಳಿ ಕೊಡುತ್ತಿದ್ದಳು. ಅವಳು ತಿರುಗಿ ಬರುವ ತನಕ ಕೂಸು ಮಲಗಿರಲೆಂದು. ಇದನ್ನು ಓದಿದಾಗ ಆ ತಾಯಂದಿರನ್ನು ದೂರಲು ನಮಗೆ ಬಾಯಿ ಬರಲಿಲ್ಲ. ಕೂಸಿಗೆ ಬೇರೆ ಕೈ ಇರಲಿಲ್ಲ, ಕೆಲಸ ಬಿಟ್ಟರೆ ರೊಟ್ಟಿ ಇರಲಿಲ್ಲ.

1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿ ಕೊಟ್ಟ ವ್ಹಿಟ್ಲೆ ಆಯೋಗ ಹೆಂಗಸರು ಹೆಚ್ಚಾಗಿ ದುಡಿಯುವಲ್ಲಿ ಶಿಶುಗೃಹಗಳು ಬೇಕೆಂದು ಶಿಫಾರಸು ಮಾಡಿತು. 1934ರ ಕಾರ್ಖಾನೆ ಕಾಯಿದೆ, 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೊಂದು ಕೋಣೆಯನ್ನು ಕಾದಿರಿಸುವಂತೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿತು. ಈ 50 ಎಂಬ ಅಂಕಿ ನಮ್ಮ ಕಾನೂನಿನೊಳಗೆ ಹೊಕ್ಕದ್ದು ಹೀಗೆ. ಅಲ್ಲಿಂದಾಚೆಗೆ ಅದು ಹೊರಬಿದ್ದಿಲ್ಲ.

ಐವತ್ತರ ಲೆಕ್ಕ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಹೊಸ ಕಾರ್ಖಾನೆ ಕಾಯಿದೆ ಅಂಗೀಕಾರವಾಯಿತು. ಅದರ 48ನೆಯ ಕಲಮು 50ಕ್ಕಿಂತ ಹೆಚ್ಚು ಹೆಂಗಸರಿರುವ ಪ್ರತಿಯೊಂದು ಕಾರ್ಖಾನೆಯಲ್ಲಿ ಶಿಶುಗೃಹ ಕಡ್ಡಾಯವೆಂದಿತು. 1976ರ ತಿದ್ದುಪಡಿ ಆ ಅಂಕಿಯನ್ನು 30ಕ್ಕೆ ಇಳಿಸಿತು. ಕೋಣೆಗೆ ಬೆಳಕು, ಗಾಳಿ ಇರಬೇಕು, ಶುಚಿಯಾಗಿರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ವಶದಲ್ಲಿರಬೇಕು ಎಂದು ಕಲಮು ಹೇಳಿತು. ಒಂದು ಮಗುವಿಗೆ ಎಷ್ಟು ಚದರಡಿ ನೆಲ, ಎಷ್ಟು ಹಾಲು, ತೊಳೆಯಲು ಎಂಥ ಏರ್ಪಾಡು, ತಾಯಿ ಬಂದು ಮೊಲೆಯೂಡಿಸಲು ಎಷ್ಟು ಬಿಡುವು ಎಂಬುದೆಲ್ಲವನ್ನೂ ರಾಜ್ಯಗಳ ನಿಯಮಾವಳಿಗಳು ಗೊತ್ತುಪಡಿಸಿದವು. ಓದಿದರೆ ಸಂತೋಷವಾಗುತ್ತದೆ. ಕೂಸಿನ ಹಾಲಿನ ಅಳತೆಯನ್ನು ಸರಕಾರವೊಂದು ಬರೆದಿಡುವುದು ಸಣ್ಣ ಮಾತಲ್ಲ.

ಆದರೆ ಆ ಕಲಮು ಎರಡು ವಿಷಯಗಳಲ್ಲಿ ಮೌನವಾಗಿತ್ತು. ಕೂಸನ್ನು ನೋಡಿಕೊಳ್ಳುವ ಆಯಾಳಿಗೆ ತರಬೇತಿ ಇರಬೇಕೆಂದ ಕಾನೂನು ಅವಳ ಪಗಾರ ಎಷ್ಟಿರಬೇಕೆಂದು ಹೇಳಲಿಲ್ಲ. ಎರಡನೆಯದಾಗಿ, ಕಾನೂನು ಎಣಿಸಿದ್ದು ಹೆಂಗಸರನ್ನು. ಕೂಸು ತಂದೆಯದೂ ಹೌದು ಎಂಬುದನ್ನು ಅದು ಗಣನೆಗೆ ತರಲಿಲ್ಲ. ಮಾಲಕನ ದೃಷ್ಟಿಯಲ್ಲಿ ಹೆಣ್ಣಾಳು ಹೆಚ್ಚಿದಷ್ಟೂ ಖರ್ಚು ಹೆಚ್ಚು. 30ರ ಗಡಿ ದಾಟದಂತೆ ನೋಡಿಕೊಂಡರೆ ಶಿಶುಗೃಹದ ಗೊಡವೆಯೇ ಇಲ್ಲ. ಗಿರಣಿಗಳಲ್ಲಿ ಹೆಂಗಸರ ಸಂಖ್ಯೆ ದಶಕದಿಂದ ದಶಕಕ್ಕೆ ಇಳಿಯಿತು. ಹೊಸ ಯಂತ್ರಗಳು, ರಾತ್ರಿ ಪಾಳಿಯ ನಿಷೇಧ, ಹೆರಿಗೆಯ ಸೌಲಭ್ಯದ ವೆಚ್ಚ ಹೀಗೆ ಕಾರಣಗಳು ಹಲವು. ತಾಯಿಯ ಹಿತಕ್ಕೆಂದು ಬಂದ ನಿಯಮವನ್ನು ತಾಯಿಯೊಬ್ಬಳ ಲೆಕ್ಕಕ್ಕೇ ಕಟ್ಟಿದಾಗ ಅದು ಅವಳ ಕೆಲಸಕ್ಕೇ ಮುಳುವಾಗಬಲ್ಲದು ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ.

ಅದೇ 1948ರಲ್ಲಿ ಇಂಗ್ಲೆಂಡಿನ ಸಂಸತ್ತು ಬೇರೊಂದು ದಾರಿ ಹಿಡಿಯಿತು. ಅಲ್ಲಿ ಶಿಶುವಿಹಾರಗಳ ಜೊತೆಗೆ, ಸಂಬಳ ಪಡೆದು ತಮ್ಮ ಮನೆಯಲ್ಲೇ ಪರರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೂ ಸ್ಥಳೀಯ ಆಡಳಿತದಲ್ಲಿ ಹೆಸರು ನೋಂದಾಯಿಸಬೇಕು ಎಂಬ ಕಾಯಿದೆ ಬಂತು. ಅದಕ್ಕೆ ಹಿಂದೆ, 1872ರಲ್ಲೇ, ಹಣಕ್ಕೆ ಪರರ ಹಸುಗೂಸುಗಳನ್ನು ಇಟ್ಟುಕೊಳ್ಳುವವರ ನೋಂದಣಿಗೆ ಕಾಯಿದೆಯಾಗಿತ್ತು. ಅಂಥ ಮನೆಗಳಲ್ಲಿ ಕೂಸುಗಳು ಆರೈಕೆಯಿಲ್ಲದೆ ಸತ್ತ ಪ್ರಕರಣಗಳು ಬಯಲಾದದ್ದು ಅದಕ್ಕೆ ಕಾರಣ. ಅಲ್ಲಿನ ಕಾನೂನು ಕೂಸಿರುವ ಮನೆಯ ಬಾಗಿಲು ತಟ್ಟಿತು. ನಮ್ಮ ಕಾನೂನು ಕಾರ್ಖಾನೆಯ ಗೇಟಿನ ಬಳಿ ನಿಂತಿತು. ನೆರೆಮನೆಯ ಕೂಸನ್ನು ನೋಡಿಕೊಳ್ಳುವ ಮುದುಕಿಗೆ ಅಲ್ಲಿ ಮೇಲ್ವಿಚಾರಣೆಯ ಕಾಟವೂ ಇತ್ತು, ಒಂದು ಸ್ಥಾನವೂ ಇತ್ತು. ಇಲ್ಲಿ ಅವಳಿಗೆ ಕಾಟವೂ ಇರಲಿಲ್ಲ, ಸ್ಥಾನವೂ ಇರಲಿಲ್ಲ.

ಗೇಟಿನ ಬಳಿ ನಿಂತ ಕಾನೂನಿನಿಂದ ತಪ್ಪಿಸಿಕೊಳ್ಳುವ ದಾರಿ ಸುಲಭ: ಗೇಟನ್ನೇ ತೆಗೆದುಬಿಡುವುದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಗೊತ್ತಾದ ಸಂಖ್ಯೆಗಿಂತ ಹೆಚ್ಚು ಹೆಂಗಸರಿರುವ ಬೀಡಿ ಕಾರ್ಖಾನೆಗಳಿಗೆ ಶಿಶುಗೃಹವನ್ನು ವಿಧಿಸಿತು. ಸೊಲ್ಲಾಪುರದಲ್ಲಿಯೂ ನಿಪ್ಪಾಣಿಯಲ್ಲಿಯೂ ಕಾಸರಗೋಡಿನ ಕಡೆಯೂ ಬೀಡಿಯ ಕೆಲಸ ಹೆಚ್ಚುಹೆಚ್ಚಾಗಿ ಮನೆಗಳಿಗೆ ಚದುರಿತು. ಎಲೆ, ತಂಬಾಕು ಒಯ್ದು, ಮನೆಯಲ್ಲಿ ಕಟ್ಟಿ, ಸಂಜೆ ಬ್ರಾಂಚಿಗೆ ಒಪ್ಪಿಸುವ ಪದ್ಧತಿ ಅದು. ಮನೆ ಕಾರ್ಖಾನೆಯಲ್ಲ, ಆದ್ದರಿಂದ ಅಲ್ಲಿ ಶಿಶುಗೃಹವಿಲ್ಲ. ತಾಯಿಯ ಮಡಿಲಲ್ಲಿ ತಂಬಾಕಿನ ಮೊರ, ಪಕ್ಕದಲ್ಲಿ ಕೂಸು. ಕೂಸು ತಾಯಿಯ ಬಳಿಯೇ ಇದೆಯಲ್ಲ ಎಂದು ಹೊರಗಿನವರು ಸಮಾಧಾನ ಪಡಬಹುದು. ತಂಬಾಕಿನ ಘಾಟಿನಲ್ಲಿ ಕೂಸು ಕೆಮ್ಮುವುದನ್ನು ಕೇಳಿದವರಿಗೆ ಆ ಸಮಾಧಾನ ಸಿಗದು.

ನೀಲಗಿರಿ ಮತ್ತು ವಯನಾಡಿನ ಕನ್ನಡ ಬಂಧುಗಳು ಬಲ್ಲ ಚಹದ ತೋಟಗಳಲ್ಲಿ ಸ್ಥಿತಿ ತುಸು ಬೇರೆ. 1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಂಗಸರಿರುವ ತೋಟಗಳಿಗೆ ಶಿಶುಗೃಹವನ್ನು ವಿಧಿಸಿತ್ತು. 1981ರ ತಿದ್ದುಪಡಿ ಅದಕ್ಕೆ ಇನ್ನೊಂದು ಮಾತು ಸೇರಿಸಿತು: ಹೆಣ್ಣಾಳುಗಳ ಮಕ್ಕಳು 20 ಮಂದಿ ಇದ್ದರೂ ಸಾಕು, ಶಿಶುಗೃಹ ಬೇಕೇ ಬೇಕು, ಗುತ್ತಿಗೆದಾರನ ಕೆಳಗಿನ ಹೆಂಗಸರೂ ಈ ಲೆಕ್ಕಕ್ಕೆ ಸೇರುತ್ತಾರೆ. ತಾಯಂದಿರನ್ನು ಮಾತ್ರ ಎಣಿಸುತ್ತಿದ್ದ ಕಾನೂನು ಇಲ್ಲಿ ಕೂಸುಗಳನ್ನೂ ಎಣಿಸಿತು. ಇದನ್ನು ನಾವು ಒಂದು ತಿರುವೆಂದು ಪರಿಗಣಿಸುತ್ತೇವೆ.

ಅಂಗಳದ ಶಾಲೆ

ಕಾರ್ಖಾನೆಯೂ ತೋಟವೂ ಇಲ್ಲದ ನಮ್ಮಂಥ ಹೊಲದ ಸೀಮೆಗೆ ಶಿಶುಪಾಲನೆ ಬಂದದ್ದು ಬೇರೆ ದಾರಿಯಿಂದ. ಅದಕ್ಕೆ ಕಾರಣ ಕಾಯಿದೆಯಲ್ಲ, ಕೆಲವು ಶಿಕ್ಷಕರ ಹಟ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ಕಟ್ಟಿದರು. ಅನುತಾಯಿ ವಾಘ್ ಅವರು ಅವರಿಗೆ ಜೊತೆಯಾದರು. 1957ರಲ್ಲಿ ಕೆಲಸ ಕೋಸಬಾಡದ ಆದಿವಾಸಿಗಳ ನಡುವೆ ಮುಂದುವರಿಯಿತು. ಬಾಲವಾಡಿ ತೆರೆದರೂ ಬಡವರ ಓಣಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ತಾರಾಬಾಯಿಯವರು ನಿಶ್ಚಯಿಸಿದರು. ಅಂಗನವಾಡಿ ಎಂಬ ಪದದಲ್ಲಿ ಆ ಅಂಗಳ ಇಂದಿಗೂ ಉಳಿದಿದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಪ್ರದೇಶಗಳಲ್ಲಿ ಪ್ರಾರಂಭಿಸಿತು. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಟಿ. ನರಸೀಪುರ, ಅಲ್ಲಿ 100 ಅಂಗನವಾಡಿಗಳು ತೆರೆದವು. ಕೇರಳದಲ್ಲಿ ವೇಂಗರ, ಆಂಧ್ರದಲ್ಲಿ ಅನಂತಪುರ ಜಿಲ್ಲೆಯ ಕಂಬದೂರು ಮೊದಲ ಸಾಲಿನಲ್ಲಿದ್ದವು. ನಮ್ಮ ಕಡೆಗೆ ಯೋಜನೆ ಬರಲು ಇನ್ನೂ ವರ್ಷಗಳು ಹಿಡಿದವು. ಬಂದ ದಿನ ನಮ್ಮ ಶಾಲೆಯ ಪಕ್ಕದ ಮಾರುತಿ ಗುಡಿಯ ಕಟ್ಟೆಯ ಮೇಲೆ ಊರ ಸೊಸೆಯೊಬ್ಬಳು ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಎಣಿಕೆ ಕಲಿಸಿದ್ದು ನಮ್ಮ ಕಣ್ಣ ಮುಂದಿದೆ. ಊರವರು ಅವಳನ್ನು ಅಂಗನವಾಡಿ ಬಾಯಿ ಎಂದರು. ಸರಕಾರದ ಕಾಗದದಲ್ಲಿ ಅವಳು ಸೇವಿಕಾ, ಅವಳ ಜೊತೆಯವಳು ಮದತನೀಸ. ಮುಂದಿನ ಕೆಲವು ವರ್ಷಗಳಲ್ಲಿ ನಮ್ಮ ಹಾಜರಿ ಪುಸ್ತಕದ ಗೈರುಹಾಜರಿ ಕಡಿಮೆಯಾಯಿತು. ಮೂರು ವರ್ಷ ದಾಟಿದ ತಮ್ಮ ತಂಗಿಯರನ್ನು ಕಟ್ಟೆಯ ಮೇಲೆ ಬಿಟ್ಟು ಅಕ್ಕಂದಿರು ವರ್ಗಕ್ಕೆ ಬರತೊಡಗಿದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಚಿಕ್ಕ ಮಕ್ಕಳ ಪಾಲನೆಯ ವ್ಯವಸ್ಥೆಯಾದರೆ ಅಕ್ಕಂದಿರ ಶಿಕ್ಷಣಕ್ಕೆ ದಾರಿಯಾಗುತ್ತದೆ ಎಂಬ ಮಾತನ್ನು ಕಂಡಾಗ, ಇದು ನಮ್ಮ ಊರ ಕಟ್ಟೆಯನ್ನು ನೋಡಿಯೇ ಬರೆದದ್ದೆನ್ನಿಸಿತು.

ಮಿತಿಗಳೂ ಇದ್ದವು. ಅಂಗನವಾಡಿ ಸುಮಾರು ನಾಲ್ಕು ಗಂಟೆಯ ವ್ಯವಸ್ಥೆ. ಹೊಲದ ಕೆಲಸ ಎಂಟು ಗಂಟೆಯದು. ಮೂರು ವರ್ಷದೊಳಗಿನ ಕೂಸಿಗೆ ಅಲ್ಲಿ ಪೌಷ್ಟಿಕ ಆಹಾರದ ಪೊಟ್ಟಣ ಸಿಗುತ್ತಿತ್ತು, ಮಲಗಲು ಜಾಗ ಸಿಗುತ್ತಿರಲಿಲ್ಲ. ಆ ಹುಡುಗಿ ಎತ್ತಿಕೊಂಡು ಬಂದಿದ್ದಂಥ ಎಂಟು ತಿಂಗಳ ಕೂಸು ಮೊದಲಿನಂತೆಯೇ ಅಕ್ಕನ ಸೊಂಟದ ಮೇಲೆ ಉಳಿಯಿತು.

ಗೌರವಧನ ಎಂಬ ಹೆಸರು

ಮೊದಲ ಯೋಜನೆಗಳು ಆರಂಭವಾದಾಗ ಸೇವಿಕೆಗೆ ಗೊತ್ತುಮಾಡಿದ ತಿಂಗಳ ಗೌರವಧನ, ಮೆಟ್ರಿಕ್ ಆಗದವಳಿಗೆ 100 ರೂಪಾಯಿ, ಆದವಳಿಗೆ 150 ರೂಪಾಯಿ. ಸಹಾಯಕಿಗೆ 35 ರೂಪಾಯಿ. 2018ರ ಅಕ್ಟೋಬರ್‌ನಿಂದ ಕೇಂದ್ರದ ದರ ಸೇವಿಕೆಗೆ 4,500, ಸಹಾಯಕಿಗೆ 2,250 ರೂಪಾಯಿ ಆಯಿತು. ರಾಜ್ಯಗಳು ತಮ್ಮ ಪಾಲು ಬೇರೆ ಕೂಡಿಸುತ್ತವೆ. ಅದನ್ನು ಪಗಾರವೆಂದು ಕರೆಯದೆ ಗೌರವಧನವೆಂದು ಕರೆದದ್ದು ಬರಿಯ ಮಾತಿನ ಭೇದವಲ್ಲ. ಪಗಾರ ಪಡೆಯುವವಳು ನೌಕರಳು. ಗೌರವಧನ ಪಡೆಯುವವಳು ಸೇವೆಗೆ ಬಂದವಳು. ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬೀ ಎಂಬ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲ ಎಂದು ತೀರ್ಪಿತ್ತಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, 1972ರ ಗ್ರಾಚ್ಯುಟಿ ಕಾಯಿದೆಯ ಸೌಲಭ್ಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಸಲ್ಲಬೇಕೆಂದಿತು. ಈ ಎರಡು ತೀರ್ಪುಗಳ ನಡುವಣ ಹದಿನೈದು ವರ್ಷಗಳಲ್ಲಿ ಎಷ್ಟೋ ಊರ ಬಾಯಂದಿರು ಕೈಯಲ್ಲಿ ಏನೂ ಇಲ್ಲದೆ ನಿವೃತ್ತರಾದರು. ನಮ್ಮ ಕಟ್ಟೆಯ ಬಾಯಿಯೂ ಅವರಲ್ಲೊಬ್ಬಳು. ನಮಗೆ ಪಿಂಚಣಿ ಬರುತ್ತದೆ. ನಮ್ಮ ಶಾಲೆಗೆ ಮಕ್ಕಳನ್ನು ಸಿದ್ಧಪಡಿಸಿ ಕಳಿಸಿದವಳಿಗೆ ಬರುವುದಿಲ್ಲ. ಒಂದೇ ಗೋಡೆಯ ಈಚೆ ಆಚೆ ಇಬ್ಬರೂ ಕಲಿಸಿದೆವು.

ಕೂಸನ್ನು ಎಣಿಸಿದ ಕಾನೂನು

ಹೊಸ ಶತಮಾನದಲ್ಲಿ ಎರಡು ಸಂಗತಿಗಳು ನಡೆದವು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಅನುಸೂಚಿಯಲ್ಲಿ ಒಂದು ಚಿಕ್ಕ ನಿಯಮವಿತ್ತು. ಕಾಮಗಾರಿಯ ಸ್ಥಳಕ್ಕೆ ಹೆಂಗಸರೊಡನೆ ಬಂದ 6 ವರ್ಷದೊಳಗಿನ ಮಕ್ಕಳು ಐವರೋ ಹೆಚ್ಚೋ ಇದ್ದರೆ, ಅವರನ್ನು ನೋಡಿಕೊಳ್ಳಲು ಅಲ್ಲಿನ ಹೆಂಗಸರಲ್ಲೇ ಒಬ್ಬಳನ್ನು ನಿಯೋಜಿಸಬೇಕು. ಅವಳಿಗೆ ಕೂಲಿಯ ದರದಂತೆಯೇ ಕೂಲಿ ಕೊಡಬೇಕು. ನಾವು ಓದಿದ ಶಿಶುಪಾಲನೆಯ ನಿಯಮಗಳಲ್ಲೆಲ್ಲ ಇದು ಅತ್ಯಂತ ನ್ಯಾಯವಾದದ್ದು. ಇದು ಕೂಸುಗಳನ್ನು ಎಣಿಸಿತು. ಐವತ್ತರ ತನಕ ಕಾಯದೆ ಐದಕ್ಕೇ ಎಚ್ಚೆತ್ತಿತು. ಮಣ್ಣು ಹೊರುವುದೂ ಕೂಸು ಹೊರುವುದೂ ಒಂದೇ ಬೆಲೆಯ ಕೆಲಸವೆಂದಿತು. ಎಲ್ಲ ಕಡೆ ಇದು ಪಾಲನೆಯಾಯಿತೇ ಎಂದರೆ, ನಾವು ಕಂಡ ಕಾಮಗಾರಿಗಳಲ್ಲಿ ಕೂಸುಗಳು ಬೇವಿನ ಮರದ ಸೀರೆಯ ಜೋಳಿಗೆಯಲ್ಲೇ ಇದ್ದವು, ಜೋಳಿಗೆ ತೂಗುವವಳು ಆರೇಳು ವರ್ಷದ ಅಕ್ಕನೇ ಆಗಿದ್ದಳು. ನಿಯಮ ಇದೆಯೆಂಬುದೇ ಹೆಂಗಸರಿಗೆ ಗೊತ್ತಿರಲಿಲ್ಲ. ಅದು ಅವರಿಗೆ ತಿಳಿಯುವ ನುಡಿಯಲ್ಲಿ ಇರಲೂ ಇಲ್ಲ.

2006ರ ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಆಹಾರದ ಹಕ್ಕಿನ ಪ್ರಕರಣದಲ್ಲಿ ಇನ್ನೊಂದು ಆದೇಶ ಕೊಟ್ಟಿತು. 6 ವರ್ಷದೊಳಗಿನ 40 ಮಕ್ಕಳಿರುವ ಯಾವ ವಸತಿಯಲ್ಲಿ ಅಂಗನವಾಡಿ ಇಲ್ಲವೋ ಅಲ್ಲಿಯ ಜನ ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕು. ಇಲ್ಲಿಯೂ ಎಣಿಕೆ ಕೂಸುಗಳದೇ. ಕೇಳುವ ಹಕ್ಕು ತಂದೆತಾಯಿಗಳ ಕೈಗೆ ಬಂತು.

ಇಷ್ಟೆಲ್ಲದರ ಹೊರಗೆ ಉಳಿದವರು ಜತ್ತ ತಾಲೂಕಿನಂಥ ಬರದ ಸೀಮೆಯಿಂದ ಕಬ್ಬು ಕಡಿಯಲು ಹೋಗುವವರು. ದೀಪಾವಳಿಯ ಸುಮಾರಿಗೆ ಸಂಸಾರ ಸಮೇತ ಹೊರಟು ಯುಗಾದಿಯ ಸುಮಾರಿಗೆ ತಿರುಗಿ ಬರುತ್ತಾರೆ. ಮುಕಾದಮ ಮುಂಗಡ ಕೊಡುವಾಗ ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು ಕೋಯ್ತಾ ಎಂದು ಲೆಕ್ಕ ಹಿಡಿಯುತ್ತಾನೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಹೆಂಗಸರನ್ನು ಎಣಿಸುವ ಕಾನೂನು ಆ ಗದ್ದೆಗೆ ಹೋದರೂ ಅಲ್ಲಿ ಹೆಂಗಸು ಬೇರೆಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ, ಕತ್ತಿ ಮಾತ್ರ ಸಿಗುತ್ತದೆ. ಶಾಲೆಯ ವಯಸ್ಸಿನ ಮಕ್ಕಳಿಗೆ ಕಾರ್ಖಾನೆಗಳ ಬಳಿ ಸಾಖರ ಶಾಳೆಗಳೆಂಬ ಹಂಗಾಮಿ ಶಾಲೆಗಳು ಕೆಲವೆಡೆ ನಡೆದವು. ಕೂಸುಗಳಿಗೆ ಕಬ್ಬಿನ ಸಾಲಿನ ನೆರಳೇ ತೊಟ್ಟಿಲಾಯಿತು.

2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ಬಂದ ತಿದ್ದುಪಡಿ ಹಳೆಯ ದೋಷವೊಂದನ್ನು ತಿದ್ದಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಗೃಹ ಬೇಕು ಎಂದಿತು. ಗಂಡಸರು ಹೆಂಗಸರು ಎಂಬ ಭೇದವಿಲ್ಲದೆ ಎಲ್ಲರೂ ಲೆಕ್ಕಕ್ಕೆ ಸೇರಿದರು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಬಹುದೆಂದಿತು. 2020ರ ಕಾರ್ಮಿಕ ಸಂಹಿತೆಗಳೂ ಇದೇ ದಾರಿ ಹಿಡಿದಿವೆ. ಹೆಣ್ಣಾಳು ಹೆಚ್ಚಿದರೆ ಖರ್ಚು ಎಂಬ ನೆಪ ಹೋಯಿತು. ಆದರೆ ಹೊಲ, ಮನೆ, ಸಣ್ಣ ಅಂಗಡಿಗಳಲ್ಲಿ ದುಡಿಯುವ ತಾಯಿಗೆ ಐವತ್ತರ ಲೆಕ್ಕ ಇಂದಿಗೂ ದೂರದ ಮಾತೇ.

ಗಡಿಯಾಚೆ ಕರ್ನಾಟಕ ಸರಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿಯ ಕೂಲಿಯಿಂದಲೇ ನೋಡಿಕೊಳ್ಳುವವರಿಗೆ ಸಂದಾಯವಾಗುವ ಏರ್ಪಾಡು ಅದು. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿ ಎಂಬ ಮಿತಿಯಿದ್ದುದರಿಂದ ಒಬ್ಬಳೇ ವರ್ಷವಿಡೀ ಕೂಸನ್ನು ನೋಡಿಕೊಳ್ಳುವುದು ಸಾಧ್ಯವಿರಲಿಲ್ಲ, ಸರದಿ ಬೇಕಾಯಿತು. ಕೂಸಿಗೆ ಬೇಕಾದದ್ದು ಮಾತ್ರ ಪರಿಚಿತವಾದ ಒಂದು ಮುಖ. ಒಳ್ಳೆಯ ನಿಯಮವೂ ಇನ್ನೊಂದು ನಿಯಮದ ಅಂಚಿಗೆ ತಾಗಿ ಕುಂಟುವುದಕ್ಕೆ ಇದು ನಿದರ್ಶನ. ಆದರೂ ಹೆಸರು ನಮಗೆ ಹಿತವಾಗಿ ಕೇಳಿಸಿತು. ನಮ್ಮ ಕಡೆ ಪಾಳಣಾಘರ ಎನ್ನುತ್ತಾರೆ. ಕೂಸಿನ ಮನೆ ಎಂಬ ಮಾತು ಅವ್ವನ ಬಾಯಿಂದ ಬಂದಂತಿದೆ.

ಕೂಸಿನ ನುಡಿ

ಕೊನೆಯದಾಗಿ, ಈ ಸಮ್ಮೇಳನಕ್ಕೆ ನೇರವಾಗಿ ಸಂಬಂಧಿಸಿದ ಮಾತು. ಗಡಿನಾಡಿನಲ್ಲಿ ಕನ್ನಡ ಉಳಿದದ್ದು ಶಾಲೆಗಳಿಂದ ಎಂದು ನಾವು ಮಾಸ್ತರರು ಬೀಗುವುದುಂಟು. ನಮ್ಮ ಬಳಿ ಮಗು ಬರುವುದು ಆರನೆಯ ವರ್ಷಕ್ಕೆ. ಅಷ್ಟರಲ್ಲಿ ಅದರ ನಾಲಗೆ ತಿರುಗಿರುತ್ತದೆ. ಅದನ್ನು ತಿರುಗಿಸಿದವರು ಅವ್ವ, ಅಜ್ಜಿ, ಅಕ್ಕ ಮತ್ತು ಅಂಗನವಾಡಿಯ ಬಾಯಿ.

1975ರ ಯೋಜನೆಯಲ್ಲಿ, ಸೇವಿಕೆ ಅದೇ ಊರಿನವಳಾಗಿರಬೇಕು ಎಂಬ ನಿಯಮವಿತ್ತು. ನುಡಿಯನ್ನು ಉಳಿಸಲೆಂದು ಯಾರೂ ಅದನ್ನು ಬರೆದದ್ದಲ್ಲ. ಊರ ತಾಯಂದಿರು ಊರವಳನ್ನು ನಂಬುತ್ತಾರೆ ಎಂಬುದಷ್ಟೇ ಅದರ ಹಿಂದಿನ ಆಲೋಚನೆ. ಆದರೆ ಆ ನಿಯಮದಿಂದಾಗಿ ಕನ್ನಡದ ಊರಿಗೆ ಕನ್ನಡದ ಬಾಯಿಯೇ ಸಿಕ್ಕಳು. ತಖ್ತೆಗಳನ್ನು ಮರಾಠಿಯಲ್ಲಿ ತುಂಬಿದಳು, ಮಕ್ಕಳನ್ನು ಕನ್ನಡದಲ್ಲಿ ರಮಿಸಿದಳು. ಯಾವ ಹೋರಾಟವೂ ಇಲ್ಲದೆ, ಯಾರ ಗಮನಕ್ಕೂ ಬಾರದೆ, ನಮ್ಮ ನುಡಿಗೆ ಅರ್ಧ ಶತಮಾನ ಕಾವಲು ನಿಂತ ನಿಯಮ ಅದು.

ಈಗ ಸೇವಿಕೆಯ ಅರ್ಹತೆ ಹನ್ನೆರಡನೆಯ ಇಯತ್ತೆಗೆ ಏರಿದೆ. ಮಕ್ಕಳಿಗೆ ಓದಿದವಳು ಬೇಕೆಂಬುದು ಸರಿಯೇ. ಆದರೆ ಕನ್ನಡ ಮಾಧ್ಯಮದ ಹುಡುಗಿಯರು ಏಳನೆಯದಕ್ಕೋ ಹತ್ತನೆಯದಕ್ಕೋ ನಿಲ್ಲುವ ಊರುಗಳಲ್ಲಿ ಆ ಸ್ಥಾನ ಯಾರಿಗೆ ಹೋಗುತ್ತದೆ ಎಂದು ನಾವು ವಿಚಾರಿಸಬೇಕು. ಸಮಾಧಾನದ ಸಂಗತಿಯೆಂದರೆ, ಮರಾಠಿಯೇತರ ನುಡಿಯ ಮಕ್ಕಳು ಅರ್ಧಕ್ಕಿಂತ ಹೆಚ್ಚಿರುವ ಅಂಗನವಾಡಿಗೆ ಆ ನುಡಿ ಬಲ್ಲವಳನ್ನೇ ಆರಿಸಬೇಕೆಂಬ ಷರತ್ತು ಮಹಾರಾಷ್ಟ್ರದ ಇತ್ತೀಚಿನ ನೇಮಕಾತಿ ಪ್ರಕಟಣೆಗಳಲ್ಲಿದೆ. ಅಂಥ ನುಡಿಗಳ ಪಟ್ಟಿಯಲ್ಲಿ ಕನ್ನಡದ ಹೆಸರೂ ಇದೆ. 2013ರ ರಾಷ್ಟ್ರೀಯ ಶಿಶುಪಾಲನಾ ನೀತಿಯೂ ಎಳೆಯ ಮಕ್ಕಳೊಡನೆ ಮನೆಯ ನುಡಿಯನ್ನೇ ಬಳಸಬೇಕೆನ್ನುತ್ತದೆ. ಈ ಷರತ್ತು ಕೆಲಸ ಮಾಡಬೇಕಾದರೆ ಮಕ್ಕಳ ನುಡಿ ಯಾವುದೆಂದು ಯಾರಾದರೂ ಎಣಿಸಿ ಹೇಳಬೇಕು. ಆ ಎಣಿಕೆಯನ್ನು ತಂದೆತಾಯಿಗಳೂ ನಮ್ಮಂಥ ಸಂಘಗಳೂ ಮಾಡದಿದ್ದರೆ ಮತ್ತೆ ಯಾರೂ ಮಾಡುವುದಿಲ್ಲ.

ಆದ್ದರಿಂದ ಸಮ್ಮೇಳನದ ಗೊತ್ತುವಳಿಗಳಲ್ಲಿ ಶಾಲೆಗಳ ಜೊತೆಗೆ ಅಂಗನವಾಡಿಗಳ ಹೆಸರೂ ಸೇರಲಿ ಎಂದು ನಾವು ವಿನಂತಿಸುತ್ತೇವೆ. ಪ್ರತಿ ಊರಿನ ಘಟಕ ತನ್ನ ಊರಿನ ಆರು ವರ್ಷದೊಳಗಿನ ಮಕ್ಕಳನ್ನೂ ಅವರ ಮನೆಯ ನುಡಿಯನ್ನೂ ಒಂದು ವಹಿಯಲ್ಲಿ ಬರೆದಿಡಲಿ. ಅಂಗನವಾಡಿ ಇಲ್ಲದ ವಸತಿಯಲ್ಲಿ 40 ಮಕ್ಕಳಿದ್ದರೆ ಬೇಡಿಕೆಯ ಅರ್ಜಿಯನ್ನು ನಾವೇ ಬರೆದುಕೊಡೋಣ. ತಾಯಂದಿರಿಗೆ ಸಲ್ಲುವ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟದಷ್ಟು ಅಚ್ಚು ಮಾಡಿಸಿ ಹಂಚೋಣ. ಮುಂದಿನ ಸಲ ವೇದಿಕೆಯ ಮೇಲೆ ನಿವೃತ್ತ ಮಾಸ್ತರರಿಗೆ ಶಾಲು ಹೊದಿಸುವಾಗ ನಿವೃತ್ತ ಬಾಯಿಯೊಬ್ಬಳನ್ನೂ ಕರೆಯೋಣ.

ನಾವು ಮನೆಗೆ ಕಳಿಸಿದ ಆ ಹುಡುಗಿಯನ್ನು ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆಯ ಸಂತೆಯಲ್ಲಿ ಕಂಡೆವು. ಗುರುತು ಹಿಡಿದವಳು ಅವಳೇ. ಜೊತೆಗೆ ಮೊಮ್ಮಗಳಿದ್ದಳು. “ನಮಸ್ಕಾರ್ರಿ ಗುರುಜಿ, ಆರಾಮ ಇದ್ದೀರ್ಯಾ?” ಎಂದಳು. ಏನು ಹೇಳಬೇಕೆಂದು ತಿಳಿಯದೆ, ಮೊಮ್ಮಗಳು ಶಾಲೆಗೆ ಹೋಗುತ್ತಾಳೆಯೇ ಎಂದು ಕೇಳಿದೆವು. “ಅಂಗನವಾಡಿಗೆ ಹೊಕ್ಕಾಳ್ರಿ. ಅಕಿನ್ನ ಕರಕೊಂಡು ಹೋಗಿ ಬರೂದು ನಂದs ಕೆಲಸ. ಆಕೀ ಅಕ್ಕ ತಪ್ಪದs ಸಾಲಿಗೆ ಹೊಕ್ಕಾಳ್ರಿ” ಎಂದು ನಕ್ಕಳು. ಅವಳು ನಮ್ಮ ತಪ್ಪನ್ನು ಎತ್ತಲಿಲ್ಲ. ಅದನ್ನು ಇಲ್ಲಿ ಬರೆದಿಡುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.